ಕೆಳಗಿಟ್ಟ ಕಾಫಿ ಬಟ್ಟಲು

ಇಂತಿಸಾರ್ ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಅಂಗೈಗೆ ಹಾರಿಸುತ್ತಿದ್ದಾರೆ. ಹಾರಿದಷ್ಟೂ ಅದು ಅಗಲವಾಗುತ್ತದೆ, ತೆಳುವಾಗುತ್ತದೆ. ಮೊಣಕೈವರೆಗೂ ಇಳಿಬಿದ್ದಾಗ ಬೋರಲು ಹಾಕಿದ ಕಬ್ಬಿಣದ ಕಾವಲಿಯ ಮೇಲೆ ಹರವುತ್ತಾರೆ. ಬೆಳಗಿನ ನಮಾಜು ಮುಗಿಸಿ ಬಂದವರು ಅಂಗಡಿಯ ಮುಂದೆ ಕೈ ಉಜ್ಜಿಕೊಳ್ಳುತ್ತಾ ನಿಂತಿದ್ದಾರೆ. ಜೋರ್ಡಾನಿನ ಈ ಕರಕ್ ಊರಿನ ಚಳಿಗಾಲದ ಮಂಜಿನಲ್ಲಿ ಎದುರಿನ ಕೋಟೆಯ ಗೋಡೆಯೂ ಕಾಣುತ್ತಿಲ್ಲ. ಹಿಟ್ಟಿನ ಡಬ್ಬಕ್ಕೆ ಒರಗಿಸಿಟ್ಟ ಪಠ್ಯಪುಸ್ತಕವೊಂದರ ಹಾಳೆಗಳ ಮೇಲೆ ಬೆರಳಿನ ಬಿಳಿ ಗುರುತುಗಳಿವೆ.

ಸಾಲಿನಲ್ಲಿದ್ದ ಟ್ಯಾಕ್ಸಿ ಚಾಲಕನೊಬ್ಬ ಕೆಣಕುತ್ತಾನೆ: “ಉಮ್ಮ್ ಗೈಸ್, ಇವತ್ತು ಯಾರ ಮನೆ ಕಾಫಿ ಕೆಳಗಿಡ್ತೀರಿ?”

ಹಿಂದಿದ್ದವರು ಕಿಸಕ್ಕೆನ್ನುತ್ತಾರೆ. ಮಗ ಗೈಸ್‌ನ ಹೆಸರಿನಿಂದಲೇ, ಅವನ ತಾಯಿ ಎಂದು, ಊರೆಲ್ಲ ಕರೆಯುವ ಈ ನಲವತ್ತಮೂರರ ಹೆಂಗಸು ಚಾಲಕನ ರೊಟ್ಟಿ ಮಡಚಿ ಕೈಗೆ ಕೊಡುತ್ತಾರೆ. ಸಿಟ್ಟು ಬರುವುದು ಅವರ ಕಥೆ ಬರೆಯಲು ಬಂದ ನನಗೆ. ಅತಿಥಿ ಸತ್ಕಾರದಲ್ಲಿ ನಮ್ಮನ್ನು ಮೀರಿಸುವವರಿಲ್ಲ ಎಂದು ಬೀಗುವ ಜನ ನಾವು. ಒಬ್ಬರ ತಪ್ಪನ್ನು ವರ್ಷಗಟ್ಟಲೆ ಬಾಯಲ್ಲಿಟ್ಟು ಅಗಿಯುವುದರಲ್ಲೂ ಅಷ್ಟೇ.

ಬಿಸಿಲು ಮೂಡುವಾಗ ಇಂತಿಸಾರ್ ಕೈತೊಳೆದು, ಹಿಟ್ಟು ಕೊಡವಿ, ಕಪ್ಪು ಕೋಟು ತೊಟ್ಟು ಬಸ್ಸು ಹತ್ತುತ್ತಾರೆ. ಅಲ್ಲಿಂದಾಚೆಗೆ ಅವರು ಸಮಾಜಕಾರ್ಯದ ಸ್ನಾತಕೋತ್ತರ ವಿದ್ಯಾರ್ಥಿನಿ. ವಾರದಲ್ಲಿ ಎರಡು ದಿನ ಪಾಠ, ಉಳಿದ ದಿನ ಹೆಂಗಸರು ಮಕ್ಕಳಿಗಾಗಿ ಇರುವ ಒಂದು ಸೇವಾಕೇಂದ್ರದಲ್ಲಿ ತರಬೇತಿ. ತರಗತಿಯಲ್ಲಿ ಅವರ ಪಕ್ಕ ಕೂರುವವರೆಲ್ಲ ಗೈಸ್‌ನ ವಯಸ್ಸಿನವರು. ಚಿಕ್ಕಮ್ಮಾ ಎಂದು ಕರೆಯುತ್ತಾರೆ, ಅವರ ರೊಟ್ಟಿ ತಿನ್ನುತ್ತಾರೆ, ಗುಂಪು ಕಟ್ಟುವಾಗ ಮಾತ್ರ ಅವರನ್ನು ಮರೆಯುತ್ತಾರೆ. ಗಂಡ ತೀರಿಕೊಂಡಿದ್ದಾರೆ. ಮಗ ಸೈನ್ಯದಲ್ಲಿದ್ದಾನೆ. ಸಂಜೆ ಮನೆಯಲ್ಲಿ ಬೇಳೆ ಸಾರು, ಆಲಿವ್ ಕಾಯಿ, ಬೆಳಗಿನ ರೊಟ್ಟಿ.

ಅದೇ ಕೇಂದ್ರದಲ್ಲಿ ಇಂತಿಸಾರ್ ಹದಿನೈದು ವರ್ಷ ಆಯಾ ಆಗಿದ್ದವರು, ಆ ನಡುವೆಯೇ ಮೊದಲ ಪದವಿ ಮುಗಿಸಿದವರು. ಈ ವಯಸ್ಸಿನಲ್ಲಿ ಮತ್ತೊಂದು ಪದವಿಯ ಹುಚ್ಚು ಯಾಕೆ ಎಂದು ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

“ಮಕ್ಕಳು ಬಾಯಿ ಬಿಡ್ತಿದ್ದದ್ದು ನನ್ನ ಹತ್ರ. ಸಹಿ ಹಾಕ್ತಿದ್ದವರು ಬೇರೆ. ಮಗು ಹಿಂಗಂತು ಅಂತ ಒಳಗೆ ಹೋದ್ರೆ, ಸರಿ, ಟೀ ಇಟ್ಟು ಹೋಗಮ್ಮ ಅಂತಿದ್ರು. ಅವರೇನು ಕೆಟ್ಟವರಲ್ಲ, ಅವರಿಗೂ ಉಸಿರಾಡೋಕೆ ಪುರುಸೊತ್ತಿರ್ಲಿಲ್ಲ. ಆದ್ರೆ ಟೀ ತರೋಳ ಮಾತು ಟೀ ಜೊತೆನೇ ಆರಿಹೋಗ್ತಿತ್ತು.”

ಬರಹದ ಪರೀಕ್ಷೆಗಳನ್ನೆಲ್ಲ ಅವರು ಮೊದಲ ಸಲವೇ ಪಾಸು ಮಾಡಿದ್ದಾರೆ. ಆದರೆ ಸಮಾಜಕಾರ್ಯಕರ್ತೆ ಎನಿಸಿಕೊಳ್ಳಲು ಅದಷ್ಟೇ ಸಾಲದು. ಒಂದು ವರ್ಷದ ತರಬೇತಿಯ ಕೊನೆಗೆ, ಈಕೆಯೊಬ್ಬಳನ್ನೇ ಒಂದು ಮನೆಗೆ ಕಳಿಸಬಹುದು ಎಂದು ಮಾರ್ಗದರ್ಶಕಿ ಸಹಿ ಹಾಕಬೇಕು. ಹೋದ ವರ್ಷ ಆ ಸಹಿ ಬೀಳಲಿಲ್ಲ. ಈಗ ನಡೆಯುತ್ತಿರುವುದು ಎರಡನೆಯ ಸಲದ ತರಬೇತಿ, ಇದೂ ತಪ್ಪಿದರೆ ಇನ್ನೊಂದು ಅವಕಾಶವಿಲ್ಲ.

ಟ್ಯಾಕ್ಸಿಯವನು ಕೆಣಕಿದ್ದು ಆ ಕಥೆಯನ್ನೇ. ಊರು ಅದನ್ನು ಬೇಕಾದಂತೆ ತಿರುಚಿ ಹೇಳುತ್ತಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ಬರೆಯಲು ಇಂತಿಸಾರ್ ಬಟ್ಟಲು ಕೆಳಗಿಟ್ಟ ಮನೆಯವರೇ ಒಪ್ಪಿದ್ದಾರೆ. ಅವರ ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ಹೋದ ಚಳಿಗಾಲದಲ್ಲಿ ಎಂಟನೇ ತರಗತಿಯ ರನೀಮ್ ಎಂಬ ಹುಡುಗಿ ಇದ್ದಕ್ಕಿದ್ದಂತೆ ಶಾಲೆ ಬಿಟ್ಟಳು. ತಾಯಿ ಇಲ್ಲ, ತಂದೆ ಅಕಬಾ ಬಂದರಿನಲ್ಲಿ ದುಡಿಯುತ್ತಾನೆ. ಅವಳನ್ನು ಸಾಕಿದವರು ಅಜ್ಜ ಹಾಜಿ ದೈಫಲ್ಲಾ. ಶಾಲೆಯಿಂದ ಸುದ್ದಿ ಬಂದಾಗ ಮಾರ್ಗದರ್ಶಕಿ ಡಾ. ನಿಹಾಯಾ ಇಂತಿಸಾರ್‌ರನ್ನು ಆ ಹಳ್ಳಿಗೆ ಕಳಿಸಿದರು. ತರಬೇತಿಯ ಭಾಗವಾಗಿ ಒಬ್ಬರೇ ಹೋದ ಮೊದಲ ಭೇಟಿ. ನೋಡಿ, ಕೇಳಿಸಿಕೊಂಡು ಬನ್ನಿ, ಬೇರೇನೂ ಬೇಡ ಎಂದಿದ್ದರು.

ಹಾಜಿಯ ಮನೆಯಲ್ಲಿ ಅವರ ಕುಲದ ಇಬ್ಬರು ಹಿರಿಯರು ಕೂತಿದ್ದರು. ಹಾಜಿ ಕೆಂಡದ ಮೇಲಿನ ಹೂಜಿಯಿಂದ ಕಹಿ ಕಾಫಿ ಬಗ್ಗಿಸಿ ಕೊಟ್ಟರು. ಶಾಲೆಯ ಮಾತೆತ್ತಿದರೆ ಹವಾಮಾನದ ಮಾತು, ಹುಡುಗಿಯ ಮಾತೆತ್ತಿದರೆ ಕುರಿಗಳ ಮಾತು. ಆ ಗಂಡಸರು ತನ್ನನ್ನು ಸಾಗಹಾಕುತ್ತಿದ್ದಾರೆ ಎಂದುಕೊಂಡ ಇಂತಿಸಾರ್‌ಗೆ ರೇಗಿತು. ತುಂಬಿದ ಬಟ್ಟಲನ್ನು ತುಟಿಗೆ ತಾಗಿಸದೆ ನೆಲದ ಮೇಲಿಟ್ಟರು.

ಹಿರಿಯರಿಬ್ಬರೂ ಆ ಬಟ್ಟಲಿನ ಕಡೆ ತಿರುಗಿದರು. ನಮ್ಮಲ್ಲಿ ಹಾಲುಗಲ್ಲದ ಮಗುವಿಗೂ ಅದರ ಅರ್ಥ ಗೊತ್ತು. ಬಂದವರು ಏನೋ ಬೇಡಲು ಬಂದಿದ್ದಾರೆ, ಕೊಡುತ್ತೇನೆ ಎನ್ನುವವರೆಗೆ ಈ ಮನೆಯ ಕಾಫಿ ಕುಡಿಯುವುದಿಲ್ಲ. ಹೆಣ್ಣು ಕೇಳಲು ಹೋದವರು ಹಾಗೆ ಮಾಡುತ್ತಾರೆ, ಕೊಲೆಯಾದ ಮನೆಗೆ ಕ್ಷಮೆ ಕೇಳಲು ಹೋದವರೂ ಹಾಗೆಯೇ ಮಾಡುತ್ತಾರೆ. ಅತಿಥಿಯ ಮುಂದೆ ಕಾಫಿ ಆರಿ ತಣ್ಣಗಾದರೆ ಅದು ಮನೆಯವನಿಗೆ ಸಾಯುವವರೆಗೂ ಅವಮಾನ. ಒಂಟಿ ಹೆಂಗಸೊಬ್ಬಳು ಬಟ್ಟಲು ಕೆಳಗಿಟ್ಟದ್ದನ್ನು ಆ ಹಿರಿಯರು ಎಂದೂ ಕಂಡಿರಲಿಲ್ಲ.

ಹಾಜಿ ಕೆಂಡವನ್ನು ಕೆದಕಿ ಒಟ್ಟುಮಾಡಿದರಂತೆ. ಆಮೇಲೆ ಹೇಳಿದರಂತೆ: “ಕಾಫಿ ಕುಡಿ ತಾಯಿ. ನೀನು ಬಂದ ಕೆಲಸ ಆಯ್ತು ಅಂದ್ಕೋ.”

ನಾಳೆಯಿಂದ ರನೀಮ್ ಶಾಲೆಗೆ ಬರಲಿ ಎಂದು ಇಂತಿಸಾರ್ ಕೇಳಿದರು. ಹಾಜಿ ಆಗಲಿ ಎಂದು ತಲೆಯಾಡಿಸಿದರು. ಇವರು ಕಾಫಿ ಕುಡಿದು, ಬಸ್ಸಿನುದ್ದಕ್ಕೂ ಹಿಗ್ಗುತ್ತಾ ಬಂದರು.

ಡಾ. ನಿಹಾಯಾ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: “ಹುಡುಗಿ ಏನಂದ್ಲು?”

ಇಂತಿಸಾರ್ ಹುಡುಗಿಯನ್ನು ನೋಡಿಯೇ ಇರಲಿಲ್ಲ. ಅವಳು ಪರದೆಯ ಹಿಂದೆ ನಿಂತಿದ್ದಳು.

ಅವಳಿಗೆ ಫಿಟ್ಸ್ ಬರುತ್ತಿತ್ತು. ಅಜ್ಜನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಈ ಹುಡುಗಿಯ ಬಾಳು ಮುಗಿಯಿತು ಎಂದು ಹೆದರಿ ಅವರು ಅವಳನ್ನು ಮನೆಯಲ್ಲೇ ಉಳಿಸಿಕೊಂಡಿದ್ದರು. ಕುಲದ ಹಿರಿಯರ ಎದುರು ನಿಜ ಹೇಳುವಂತಿರಲಿಲ್ಲ, ಕೆಳಗಿಟ್ಟ ಬಟ್ಟಲಿಗೆ ಇಲ್ಲ ಎನ್ನುವಂತೆಯೂ ಇರಲಿಲ್ಲ. ಕೊಟ್ಟ ಮಾತಿನಂತೆ ಮರುದಿನ ಬೆಳಿಗ್ಗೆ ತಾವೇ ಅವಳನ್ನು ಶಾಲೆಯ ಬಾಗಿಲವರೆಗೆ ಬಿಟ್ಟು ಬಂದರು. ಆ ವಾರದೊಳಗೆ ರನೀಮ್ ಶಾಲೆಯ ಮೆಟ್ಟಿಲ ಮೇಲೆ, ಎಲ್ಲರ ಕಣ್ಣೆದುರು ಬಿದ್ದಳು. ಮುಂದಿನ ಎರಡು ಹಲ್ಲು ಮುರಿದವು. ಸಂಜೆಯೊಳಗೆ ಸುದ್ದಿ ಹಳ್ಳಿಯ ಮನೆಮನೆಗೂ ಮುಟ್ಟಿತ್ತು.

ಇದನ್ನು ಹೇಳುವಾಗ ಇಂತಿಸಾರ್‌ರ ಅಂಗೈಗಳ ನಡುವೆ ಮತ್ತೊಂದು ಉಂಡೆ ಹಾರುತ್ತಿರುತ್ತದೆ. ಕೈಯಲ್ಲಿದ್ದ ಹಿಟ್ಟು ಹರಿದು ನೆಲಕ್ಕೆ ಬೀಳುತ್ತದೆ.

“ಆ ಹಲ್ಲು ಮುರಿದೋಳು ನಾನು. ಹೊರಗಿನೂರಿಂದ ಬಂದೋಳಾಗಿದ್ರೆ ಬಟ್ಟಲು ಇಡೋದು ಹೆಂಗೆ ಅಂತಾನೂ ಗೊತ್ತಿರ್ತಿರ್ಲಿಲ್ಲ. ನಮ್ಮವಳಾಗಿದ್ದಕ್ಕೇ ಎಲ್ಲಿ ಹಿಡಿದ್ರೆ ನೋವಾಗುತ್ತೆ ಅಂತ ಗೊತ್ತಿತ್ತು. ಅಲ್ಲೇ ಹಿಡಿದೆ.”

ಸಹಿ ಹಾಕದ ಡಾ. ನಿಹಾಯಾ ವಯಸ್ಸಿನಲ್ಲಿ ಇವರಿಗಿಂತ ಚಿಕ್ಕವರು. ಅವರನ್ನು ಕಲ್ಲುಹೃದಯದವಳು ಎಂದು ಬೈಯಲು ನಾನು ಸಿದ್ಧವಾಗಿಯೇ ಹೋಗಿದ್ದೆ. ಅವರು ಟೀ ಕೊಟ್ಟು ಮೆಲ್ಲಗೆ ಹೇಳಿದ್ದು ಇಷ್ಟು: “ಅವರ ಮನಸ್ಸು ಒಳ್ಳೇದು ಅಂತ ನಂಗೂ ಗೊತ್ತು. ಆದ್ರೆ ಒಂದು ಮನೆಯವರಿಗೆ ಬೇಡ ಅನ್ನೋ ದಾರಿ ಉಳಿಸದೇ ಬರೋದಕ್ಕೆ ನಾನು ಸಹಿ ಹಾಕಲಾ?” ಹುಡುಗಿಯನ್ನು ವೈದ್ಯರ ಹತ್ತಿರ ಕರೆದೊಯ್ದವರೂ ಅವರೇ. ಮಾತ್ರೆಗಳಿಂದ ಈಗ ಫಿಟ್ಸ್ ಬರುವುದು ಕಡಿಮೆಯಾಗಿದೆ.

ಈ ವರ್ಷ ಚಳಿ ಶುರುವಾಗುವ ಮೊದಲು ಹಾಜಿಯಿಂದ ಕೇಂದ್ರಕ್ಕೆ ಒಂದು ಮಾತು ಬಂತು. ಹಲ್ಲು ಮುರಿದವರು ಮನೆಗೆ ಬಂದು ಕ್ಷಮೆ ಕೇಳುವುದು ವಾಡಿಕೆ, ಆ ಹೆಂಗಸು ಇನ್ನೂ ಯಾಕೆ ಬಂದಿಲ್ಲ ಎಂದು. ಕೇಂದ್ರದ ಒಪ್ಪಿಗೆ ಪಡೆದು ಇಂತಿಸಾರ್ ಹೋದರು. ಅದೇ ಹಿರಿಯರು, ಅದೇ ಕೆಂಡ. ಹಾಜಿ ಬಟ್ಟಲು ಕೊಟ್ಟು ಕಾದರು. ಈಕೆ ಕೆಳಗಿಡಬೇಕು, ತಾವು ‘ಕುಡಿ ತಾಯಿ, ಕ್ಷಮಿಸಿದೆ’ ಎನ್ನಬೇಕು, ಅಲ್ಲಿಗೆ ಮುಗಿಯಬೇಕು. ಎಲ್ಲರೂ ಕಾಯುತ್ತಿದ್ದದ್ದು ಅದಕ್ಕೇ.

ಇಂತಿಸಾರ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದುಬಿಟ್ಟರು. ಹಿರಿಯರ ಮುಖ ಗಂಟಿಕ್ಕಿತು. ಇವಳಿಗೆ ಪಶ್ಚಾತ್ತಾಪವೂ ಇಲ್ಲ ಎಂದು ಅವರಲ್ಲೊಬ್ಬರು ಎದ್ದು ಹೋದರು. ಊರು ಈಗ ಆಡಿಕೊಳ್ಳುವುದು ಅದನ್ನೂ ಸೇರಿಸಿ.

ಹಾಜಿ ಮಾತ್ರ ಖಾಲಿ ಬಟ್ಟಲನ್ನು ಹಿಂದಕ್ಕೆ ಪಡೆದು ಕೇಳಿದರಂತೆ, ನೀನು ಏನೂ ಕೇಳಲೇ ಇಲ್ಲವಲ್ಲ ಎಂದು. ಇವರು ರನೀಮ್‌ಳ ಹತ್ತಿರ ಕೂರಬಹುದೇ ಎಂದರು. ಅವಳನ್ನೇ ಕೇಳು ಎಂದರು ಹಾಜಿ.

ಅಂದಿನಿಂದ ವಾರಕ್ಕೊಮ್ಮೆ ಹೋಗುತ್ತಾರೆ. ಕಾಫಿ ಕುಡಿದು, ಸಾಕು ಎನ್ನುವಂತೆ ಬಟ್ಟಲು ಅಲ್ಲಾಡಿಸಿ, ಒಳಕೋಣೆಯಲ್ಲಿ ಹುಡುಗಿಯ ಪಕ್ಕ ಕೂರುತ್ತಾರೆ. ನಿನಗೇನು ಬೇಕು ಎಂಬ ಪ್ರಶ್ನೆಗೆ ರನೀಮ್ ಎಷ್ಟೋ ವಾರ ಬಾಯಿ ತೆರೆಯಲಿಲ್ಲ. ನಗುವಾಗಲೂ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಕಡೆಗೊಂದು ದಿನ ಹೇಳಿದಳು:

“ನಾನು ಬಿದ್ದಿದ್ದನ್ನ ನೋಡದೇ ಇರೋರ ಶಾಲೆ ಬೇಕು.”

ಅಂಥ ಶಾಲೆ ಬಸ್ಸು ಹೋಗುವಷ್ಟು ದೂರದಲ್ಲಿ ಇನ್ನೂ ಸಿಕ್ಕಿಲ್ಲ. ಡಾ. ನಿಹಾಯಾ ಮತ್ತು ಇಂತಿಸಾರ್ ಹುಡುಕುತ್ತಿದ್ದಾರೆ. ಸಿಗುತ್ತದೆ ಎಂದು ಇಬ್ಬರಲ್ಲಿ ಯಾರೂ ನನಗೆ ಹೇಳಲಿಲ್ಲ. ಸಹಿ ಬೀಳುತ್ತದೋ ಇಲ್ಲವೋ ಎಂಬುದು ಬಾದಾಮಿ ಗಿಡ ಹೂಬಿಡುವ ಹೊತ್ತಿಗೆ ತಿಳಿಯುತ್ತದೆ. ಅದರ ಬಗ್ಗೆಯೂ ಮಾರ್ಗದರ್ಶಕಿಯನ್ನು ಇವರು ಕೇಳಿಲ್ಲ.

ಸಾಲು ಕರಗಿದೆ. ಇಂತಿಸಾರ್ ಕಾವಲಿಯ ಕೆಳಗಿನ ಉರಿ ಆರಿಸುತ್ತಿದ್ದಾರೆ. ಹಾಜಿ ಕ್ಷಮಿಸಿದರೇ ಎಂದು ಕೇಳುತ್ತೇನೆ. ಇಲ್ಲ ಎಂದು ತಲೆಯಾಡಿಸುತ್ತಾರೆ. ಹಾಗಾದರೆ ಒಮ್ಮೆ ಬಟ್ಟಲು ಕೆಳಗಿಟ್ಟು ಕೇಳಿಬಿಡಬಾರದೇ, ಊರ ಬಾಯಿಯೂ ಮುಚ್ಚುತ್ತದಲ್ಲ ಎನ್ನುತ್ತೇನೆ.

ಕೋಟು ತೊಟ್ಟು, ಪುಸ್ತಕದ ಮೇಲಿನ ಹಿಟ್ಟನ್ನು ಅದರ ತೋಳಿನಿಂದ ಒರೆಸುತ್ತಾ ಅವರು ಹೇಳುತ್ತಾರೆ: “ಕೇಳಿದ್ರೆ ಇವತ್ತೇ ಕೊಡ್ತಾರೆ. ಅದಕ್ಕೇ ಕೇಳಲ್ಲ.”