ಎಮ್ಮೆಯ ಬಾಲ ಮತ್ತು ಬಾಯಿ ಮುಚ್ಚಿಸುವ ಪ್ರೋಟೀನು

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ನಾನು ಮೊದಲು ಚಹಾಕ್ಕೆ ಹೇಳಿ ಹೊತ್ತು ಕಳೆಯುತ್ತೇನೆ. ನಮ್ಮ ಜೀವಕೋಶದೊಳಗೆ ಕೆಲವು ಪುಂಡ ವಂಶವಾಹಿಗಳಿವೆ. ತಮ್ಮದೇ ನಕಲು ತೆಗೆದು, ಕರೆಯದ ಕಡೆ ಹೋಗಿ, ಮತ್ತೊಬ್ಬರ ಮಾತಿನ ನಟ್ಟನಡುವೆ ತೂರಿಕೊಳ್ಳುತ್ತವೆ. ಅವುಗಳ ಬಾಯಿ ಮುಚ್ಚಿಸುವ ಒಂದು ಪ್ರೋಟೀನಿನ ಆಕಾರ ಹೇಗಿದೆಯೆಂದು ನೋಡುವುದೇ ನನ್ನ ಉದ್ಯೋಗ. ಇಷ್ಟು ಹೇಳುವಷ್ಟರಲ್ಲಿ ಕೇಳಿದವರು, "ಸರಕಾರಿ ಕೆಲಸೇನ್ರಿ?" ಅಂದಿರುತ್ತಾರೆ.

ಇದು ಅರ್ಥವಾಗಬೇಕಾದರೆ ಅಂದೋಲಾದ ನಮ್ಮ ಶರಣಪ್ಪ ಕಾಕಾನನ್ನು ನೋಡಬೇಕು. ಅವನ ಹತ್ತಿರ ಇರುವುದು ಒಂದೇ ಕಥೆ: ತುಂಬಿದ ಭೀಮಾ ಹೊಳೆಯನ್ನು ಎಮ್ಮೆಯ ಬಾಲ ಹಿಡಿದು ದಾಟಿದ್ದು. ತೊಟ್ಟಿಲ ಕಾರ್ಯವಿರಲಿ, ಸತ್ತವರ ಮಣ್ಣಿಗೆ ಹೋಗಿರಲಿ, ಯಾವ ಮಾತಿನ ನಡುವೆಯೂ ಅದು ನುಗ್ಗುತ್ತದೆ. ಸಲಸಲಕ್ಕೂ ಚೂರು ಬದಲಾಗುತ್ತದೆ; ಈಚೆಗೆ ಮೊಸಳೆಯೊಂದು ಸೇರಿಕೊಂಡಿದೆ. ಹೋದ ವರ್ಷ ನನ್ನ ತಂಗಿ ಸುಮಾಳನ್ನು ನೋಡಲು ಬಂದವರು ಇನ್ನೇನು 'ಆಗಲಿ' ಅನ್ನಬೇಕು, ಕಾಕಾ ತನ್ನ ಕಥೆಯ ಹೊಳೆಗಿಳಿದ. ನಮ್ಮ ಹೊಲವೆಲ್ಲ ಮುಳುಗಡೆಯಾಗಿದೆಯೆಂದು ತಪ್ಪು ತಿಳಿದು ಅವರು ಚುಡುವಾ ಕೂಡ ಮುಗಿಸದೆ ಎದ್ದರು.

ಈ ಸಲ ಜೇವರ್ಗಿಯ ಗಂಡಿನವರು ನಿಂಬರ್ಗಾದ ನಮ್ಮ ಮನೆಗೆ ಬಂದರು. ಹುಡುಗ ಸುಮಾಳಿಗೆ ನಿಜಕ್ಕೂ ಹಿಡಿಸಿದ್ದ. ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, "ಅಕ್ಕಾ, ಕಾಕಾನ್ನ ಹ್ಯಾಂಗರ ಮಾಡಿ ಸುಮ್ಮನ ಕುಂದರಸು" ಅಂದಳು. ಪ್ರೋಟೀನು ಬಲ್ಲವಳಿಗೆ ಕಾಕಾ ಯಾವ ಲೆಕ್ಕ ಎಂದು ಅವಳ ನಂಬಿಕೆ. ನನಗೆ ಧೈರ್ಯ ಸಾಲದೆ, ಕಾಕಾನ ಅಕ್ಕ, ಕರಜಗಿಯ ಗಂಗಮ್ಮ ಅತ್ತೆಯನ್ನು ಅವನ ಪಕ್ಕದಲ್ಲೇ ಕೂರಿಸಿದೆ.

ನನ್ನ ಪ್ರೋಟೀನಿನ ಉಪಾಯ ಬಲು ಸರಳ. ಪುಂಡನ ಮಾತಿನದೇ ಒಂದು ತುಣುಕು ಆರ್‌ಎನ್‌ಎ ಅದರ ಹಿಡಿತದಲ್ಲಿರುತ್ತದೆ. ತುಣುಕಿನ ತಲೆ ಸಿಕ್ಕಿಸಲು ಪ್ರೋಟೀನಿನಲ್ಲೊಂದು ಕುಳಿ, ಬಾಲಕ್ಕೊಂದು ಕುಳಿ. ಅದಕ್ಕೆ ಹೊಂದುವ ಮಾತು ಎಲ್ಲಿ ಎದ್ದರೂ ಅಲ್ಲೇ ಅದುಮುತ್ತದೆ. ಅತ್ತೆ ಮಾಡಿದ್ದೂ ಇಷ್ಟೇ. ಕಾಕಾ ಗಂಟಲು ಸರಿಮಾಡಿಕೊಂಡು "ಭೀಮಾ ಹೊಳಿ ತುಂಬಿ..." ಅನ್ನುತ್ತಲೇ, "ಎಮ್ಮಿ ಬಾಲ ಹಿಡಕೊಂಡಿ, ಮೊಸಳಿ ಬಂತು, ದಂಡಿ ಮುಟ್ಟಿದಿ. ಚಹಾ ಕುಡೀಲೇ ಶರಣ್ಯಾ" ಅಂದಳು. ಕಾಕಾ ತೆರೆದ ಬಾಯಿಗೆ ಚಹಾದ ಬಸಿ ಹಚ್ಚಿದ.

ಗೆದ್ದೆವು ಅಂದುಕೊಂಡೆ. ಆದರೆ ಅಷ್ಟಕ್ಕೇ ಎಲ್ಲರ ಮಾತೂ ನಿಂತುಹೋಯಿತು. ಹುಡುಗ ಫ್ಯಾನು ನೋಡಿದ, ಅವನಪ್ಪ ಗಡಿಯಾರ ನೋಡಿದರು. ಬಾಗಿಲಲ್ಲಿದ್ದ ಸುಮಾಳ ಮುಖ ಬಾಡಿತು. ನನಗೆ ನನ್ನ ವಿಜ್ಞಾನದ ಮೇಲೇ ಸಿಟ್ಟು ಬಂತು. ಆಗ ಹುಡುಗನ ಅಜ್ಜಿ ಮೆಲ್ಲಗೆ, "ಮೊಸಳಿ ಮುಂದ ಏನ್ ಮಾಡಿತ್ರಿ?" ಅಂದರು.

ಕಾಕಾ ಅಕ್ಕನ ಮುಖ ನೋಡಿದ. ಸುಮಾ ತಾನೇ ಬಾಗಿಲಿಂದ, "ಹೇಳ್ರಿ ಕಾಕಾ" ಅಂದಳು. ಕಾಕಾ ಹೊಳೆಗಿಳಿದ, ಅಜ್ಜಿ ಕಣ್ಣೊರೆಸಿಕೊಳ್ಳುತ್ತ ನಕ್ಕು, ತಮ್ಮ ಕಾಲದ ಮೊಸಳೆಯನ್ನೂ ಹೊರಗೆ ತೆಗೆದರು. ಎರಡೂ ಮೊಸಳೆ ಸಾಯುವಷ್ಟರಲ್ಲಿ ಮದುವೆ ಗಟ್ಟಿಯಾಗಿ ಸಕ್ಕರೆ ಹಂಚಿಯಾಗಿತ್ತು.

ಮರುದಿನ ಅತ್ತೆಗೆ ಹೇಳಿದೆ: ಜೀವಕೋಶದೊಳಗಿನ ಈ ಪುಂಡರನ್ನೆಲ್ಲ ಮೈ ಶಾಶ್ವತವಾಗಿ ಅದುಮಿಡುವುದಿಲ್ಲ, ಕೆಲವರನ್ನು ಪಳಗಿಸಿ ದುಡಿಸಿಕೊಳ್ಳುತ್ತದೆ; ಬಸಿರಲ್ಲಿ ತಾಯಿಗೂ ಮಗುವಿಗೂ ನಂಟು ಹಾಕುವ ಮಾಸಿನಲ್ಲೂ ಹಿಂದೆಂದೋ ನುಗ್ಗಿ ಬಂದವರ ಕೈವಾಡವಿದೆ.

"ಹಂಗಾರ ಲಗ್ನದಾಗೂ ಶರಣ್ಯಾಗ ಮಾತಾಡಾಕ ಬಿಡಬೇಕೇನ?"

"ಬಿಡಬೇಕ್ರಿ ಅತ್ತಿ" ಅಂದೆ, ವಿಜ್ಞಾನಿಯ ಗಾಂಭೀರ್ಯದಿಂದ.

ಅತ್ತೆ ಅಂದಳು: "ಬಿಡೂಣು. ಹುಡುಗಿ ತಲಿ ಮ್ಯಾಲ ಅಕ್ಕಿಕಾಳು ಬಿದ್ದ ಮ್ಯಾಲ."