ಗೇರುಬೀಜ ಕದ್ದವರ ಸಾಕ್ಷಿ

ಸ್ನೇಹಿತರೇ, ಇಂದು ಬೆಳಗ್ಗೆ ಇಲ್ಲಿ ಗಲ್ಫಿನ ಅಲ್ ಮನ್ಸೂರಾದ ಹೋಟೆಲಿನಲ್ಲಿ ಗೆಳೆಯ ಸದಾಶಿವ ಊರಿನ ವಕೀಲರ ಜೊತೆ ಫೋನಿನ ಸ್ಪೀಕರ್ ಹಾಕಿ ಮಾತಾಡುತ್ತಿದ್ದ. ಅವನ ಮನೆಯವರು ತಲೆಮಾರುಗಳಿಂದ ಸೊಪ್ಪು, ಸೌದೆ, ಗೇರುಬೀಜ ತರುತ್ತಿದ್ದ, ಜಮೀನಿಗೆ ತಾಗಿದ ಸರಕಾರಿ ಕುಮ್ಕಿ ಗುಡ್ಡಕ್ಕೆ ಪಕ್ಕದ ಮನೆಯ ವಾಸು ಬೇಲಿ ಹಾಕಿದ್ದಾನೆ. ಅದನ್ನು ಅನುಭವಿಸಿಕೊಂಡು ಬಂದದ್ದು ತನ್ನ ಮನೆಯವರೇ ಎಂದು ಕೋರ್ಟಿನಲ್ಲಿ ವಾದಿಸುತ್ತಿದ್ದಾನೆ.

"ಸಾಕ್ಷಿ ಇಲ್ಲದಿದ್ರೆ ಗುಡ್ಡ ಹೋದ ಹಾಗೇ" ಎಂದರು ವಕೀಲರು. ನನಗೆ ಸಿಟ್ಟು ಬಂತು. ಅಜ್ಜಿ ಸೊಪ್ಪು ಕಡಿದದ್ದಕ್ಕೆ ಆ ಕಾಲದಲ್ಲಿ ರಸೀದಿ ಕೊಡುವವರು ಯಾರಿದ್ದರು?

ಅದೇ ಊರಿನ, ಈಗ ಇಲ್ಲೇ ಹತ್ತಿರದ ಮುಐದರ್‌ನಲ್ಲಿ ಅಂಗಡಿ ಇಟ್ಟಿರುವ ಹಮೀದಾಕ ಎದುರಿಗೆ ಚಾ ಕುಡಿಯುತ್ತಿದ್ದರು.

"ನಾನು ಹೇಳ್ತೇನೆ ಮಾರಾಯ. ಶಾಲೆಗೆ ಹೋಗುವಾಗ ಅಲ್ಲಿ ನಾನು ಕದ್ದ ಗೇರುಬೀಜಕ್ಕೆ ಲೆಕ್ಕ ಉಂಟಾ?"

ವಕೀಲರಿಗೆ ಕುತೂಹಲವಾಯಿತು. "ಓಡಿಸ್ತಾ ಇದ್ದದ್ದು ಯಾರು?"

"ಇವನ ಅಜ್ಜಿ. ಕತ್ತಿ ಹಿಡ್ಕೊಂಡೇ ಬರ್ತಿದ್ರು."

"ವಾಸುವಿನ ಮನೆಯವರು ಓಡಿಸ್ತಿರ್ಲಿಲ್ವಾ?"

"ಅವರೆಂತ ಓಡಿಸುದು? ವಾಸು ನನ್ನ ಒಟ್ಟಿಗೇ ಓಡ್ತಿದ್ದ!"

ಫೋನಿನಲ್ಲಿ ವಕೀಲರು ಕಾಗದ ಮಗುಚುವ ಸದ್ದು ಕೇಳಿಸಿತು.

"ಇದನ್ನು ಜಡ್ಜ್ ಎದುರು ಹೇಳ್ತೀರಾ, ಹಾಜಿಗಳೇ?"

"ಹೇಳ್ತೇನೆ. ಅಜ್ಜಿ ಒಮ್ಮೆ ಹಿಡಿದು ಕಿವಿ ಹಿಂಡಿದ್ದೂ ಹೇಳ್ತೇನೆ. ಯಲ್ಲಾ, ಬೇಗ ಸದಾಶಿವ, ಊರಿಗೆ ಟಿಕೆಟ್ ಮಾಡ್ಸು."

ಊರಿನ ಜಮೀನಿನ ದಾಖಲೆಗಳನ್ನು ಇನ್ನು ಮುಂದೆ ಕಳ್ಳರಿಂದಲೇ ಬರೆಸುವುದು ಒಳ್ಳೆಯದು. ಮರ ಯಾರದೆಂದು ಸರಿಯಾಗಿ ತಿಳಿದುಕೊಳ್ಳದೆ ಅವರು ಕೈ ಹಾಕುವುದಿಲ್ಲ.