ಸಜ್ಜೆ, ಜೋಳ ಮತ್ತು ಹುಸೇನಮ್ಮನ ಮೊರ

ಕಾರ್ತಿಕ ಮಾಸದ ಬೆಳಗು. ಕಮ್ಮನಹಳ್ಳಿಯ ಮುಖ್ಯರಸ್ತೆಯ ಅಂಗಡಿಗಳು ಇನ್ನೂ ಬಾಗಿಲು ತೆರೆದಿಲ್ಲ. ಹಿಂಬದಿಯ ಅಡ್ಡರಸ್ತೆಯ ಮಹಡಿಯೊಂದರಲ್ಲಿ, ಆಗತಾನೆ ಒರೆಸಿದ ಸಿಮೆಂಟ್ ನೆಲದ ಮೇಲೆ ಹುಸೇನಮ್ಮ ಮಂಡಿ ಮಡಿಸಿ ಕುಳಿತಿದ್ದಾರೆ. ಎದುರಿಗೆ ಒಂದು ಹಿಡಿ ಗರಿಕೆ, ಬಲಗೈ ಬಳಿ ಬಿದಿರಿನ ಮೊರ. ಗರಿಕೆಯ ಆಚೆಗೊಂದು, ಈಚೆಗೊಂದು ಗಿನಿಪಿಗ್: ಬಾಲವಿಲ್ಲದ, ಇಲಿಯ ವರ್ಗಕ್ಕೆ ಸೇರಿದ, ಎರಡು ಅಂಗೈ ತುಂಬುವಷ್ಟು ದೊಡ್ಡ ಸಾಧುಪ್ರಾಣಿ. ಎರಡೂ ಗಂಡು, ಒಂದೇ ತಾಯಿಯ ಐದು ತಿಂಗಳ ಮರಿಗಳು. ಬೂದುಬಣ್ಣದವನಿಗೆ ಹುಸೇನಮ್ಮ ಸಜ್ಜೆ ಎಂದು ಹೆಸರಿಟ್ಟಿದ್ದಾರೆ, ಬಿಳಿಯವನಿಗೆ ಜೋಳ ಎಂದು. ಹತ್ತೊಂಬತ್ತು ದಿನಗಳಿಂದ ಇವರಿಬ್ಬರ ನಡುವೆ ಜಾಲರಿಯೊಂದು ನಿಂತಿತ್ತು. ಇಂದು ಅದನ್ನು ತೆಗೆಯಲಾಗಿದೆ.

ಒಂಬತ್ತು ಗಂಟೆಗೆ ದೊಮ್ಮಲೂರಿನಿಂದ ಮುನಿಆಂಜನಪ್ಪನವರು ಬರುವವರಿದ್ದಾರೆ. ಮೊಮ್ಮಗಳು ಹಂಸಳಿಗೆಂದು ಜೋಡಿಯನ್ನೇ ಕೇಳಿದ್ದವರು ಅವರು. ಜಗಳದ ಸುದ್ದಿ ಕಿವಿಗೆ ಬಿದ್ದ ಮೇಲೆ ಮನಸ್ಸು ಬದಲಿಸಿದ್ದಾರೆ. ಒಂದು ಕಾಲಕ್ಕೆ ಹೊಲ ಉತ್ತವರು, ಫೋನಿನಲ್ಲಿ ಆಡಿದ ಮಾತೂ ಹೊಲದ್ದೇ: "ಜೋಡೆತ್ತು ಅಂದ್ಮೇಲೆ ಒಂದೇ ನೊಗಕ್ಕೆ ಕತ್ತು ಕೊಡ್ಬೇಕಮ್ಮ. ಹಾಯೋವನ್ನ ಕಟ್ಕೊಂಡು ನಾನೇನ್ ಮಾಡ್ಲಿ? ಆ ಬೆಳ್ಳಗಿರೋದು ಒಂದೇ ಕೊಡಿ, ಸಾಕು." ಜೋಳ ಹೋದರೆ ಸಜ್ಜೆ ಒಂಟಿಯಾಗುತ್ತಾನೆ. ಒಂಟಿಯಾದ ಗಿನಿಪಿಗ್ ಮೇವಿಗೆ ಬೆನ್ನು ತಿರುಗಿಸಿ ಮೂಲೆ ಸೇರುವುದನ್ನು ಹುಸೇನಮ್ಮ ಕಂಡಿದ್ದಾರೆ.

ಹುಸೇನಮ್ಮನವರಿಗೆ ಈಗ ನಲವತ್ತಮೂರು. ಹುಟ್ಟಿದ್ದು ರಾಯಚೂರು ಜಿಲ್ಲೆಯ ಮಸ್ಕಿಯ ಕಡೆಯ ಹಳ್ಳಿ. ಮೊಹರಮ್ಮಿನ ಅಲಾಯಿ ದೇವರಿಗೆ ತಾಯಿ ಹೊತ್ತ ಹರಕೆಯಿಂದ ಈ ಹೆಸರು ಬಂತು. ಗಂಡ ಹುಲಿಗೆಪ್ಪನ ಗಾರೆ ಕೆಲಸ ಹನ್ನೊಂದು ವರ್ಷಗಳ ಹಿಂದೆ ಅವರನ್ನು ಹಲಸೂರಿನ ಬಾಡಿಗೆ ಕೋಣೆಗೆ ಕರೆತಂದಿತು. ಸಾಕಿದವರು ಬೇಡವೆಂದು ಬಿಟ್ಟುಹೋದ ಸಣ್ಣ ಪ್ರಾಣಿಗಳಿಗಾಗಿ ಶಿವಾಜಿನಗರದ ಫಹ್ಮಿದಾ ಈ ಮಹಡಿಯಲ್ಲೊಂದು ಆಶ್ರಯ ತೆರೆದಾಗ, ನೆಲ ಒರೆಸಲು ಬಂದವರು ಹುಸೇನಮ್ಮ. ಆರು ವರ್ಷಗಳಲ್ಲಿ ಆಶ್ರಯದ ಕಣ್ಣು, ಕಿವಿ ಎರಡೂ ಅವರೇ ಆಗಿದ್ದಾರೆ.

ನಾಲ್ಕೂವರೆಗೆ ಏಳುತ್ತಾರೆ, ಮೊದಲ ಬಸ್ಸಿಗೆ ಬರುತ್ತಾರೆ. ಇಪ್ಪತ್ತಾರು ಗಿನಿಪಿಗ್, ಹನ್ನೊಂದು ಮೊಲ. ದಿನಕ್ಕೆ ಎರಡು ಚೀಲ ಹುಲ್ಲು, ಎರಡು ಕೆಜಿ ದೊಣ್ಣೆಮೆಣಸಿನಕಾಯಿ, ತೊಳೆಯಬೇಕಾದ ಮೂವತ್ತೊಂದು ಹಾಸುಬಟ್ಟೆ. ಕಲ್ಯಾಣ ನಗರದ ಖಾಲಿ ನಿವೇಶನಗಳ ಅಂಚಿನಲ್ಲಿ ಹಿಂದಿನ ಸಂಜೆಯೇ ಕಿತ್ತು ತಂದ ಗರಿಕೆ ಬೇರೆ. ವಿನಾಯಕನ ಪೂಜೆಗೆ ಸಲ್ಲುವ ಆ ತೃಣವೇ ಈ ಮೂಕಜೀವಿಗಳಿಗೂ ಪರಮಾನ್ನ.

ಹರೆಯಕ್ಕೆ ಬಂದ ಎರಡು ಗಂಡುಗಳನ್ನು ಒಂದೇ ಮನೆಯಲ್ಲಿ ಇರಿಸುವುದು ಇಲ್ಲಿನ ಅತಿ ಸೂಕ್ಷ್ಮ ಕಾರ್ಯ. ಸಾಮ, ದಾನ, ಭೇದ, ದಂಡವೆಂದು ನೀತಿಶಾಸ್ತ್ರ ಅರಸರಿಗೆ ನಾಲ್ಕು ಉಪಾಯಗಳನ್ನು ಬೋಧಿಸಿತು. ಹುಸೇನಮ್ಮನ ರಾಜ್ಯದಲ್ಲಿ ದಂಡಕ್ಕೆ ಸ್ಥಾನವಿಲ್ಲ. ದಾನವೆಂದರೆ ಎಲ್ಲವೂ ಎರಡೆರಡು: ಎರಡು ತಟ್ಟೆ, ಎರಡು ನೀರಿನ ಬಾಟಲಿ, ಎರಡು ಹುಲ್ಲಿನ ರಾಶಿ. ಅಡಗುವ ಗೂಡಿಗೂ ಎರಡು ಬಾಗಿಲು, ಒಬ್ಬನು ಒಳಹೊಕ್ಕರೆ ಇನ್ನೊಬ್ಬನಿಗೆ ಹೊರಬರುವ ದಾರಿ ಇರಲೆಂದು. ಭೇದವೆಂದರೆ ಹೆಣ್ಣುಗಳ ವಾಸ ಮತ್ತೊಂದು ಕೋಣೆಯಲ್ಲಿ. ಸಾಮವೆಂದರೆ ರಾಜಿಯ ಭೇಟಿ, ಅದು ಇಬ್ಬರಿಗೂ ಸೇರದ ಹೊಸ ನೆಲದಲ್ಲೇ ಆಗಬೇಕು.

"ಗುರುಗುಟ್ಟೋದು ಜಗಳಲ್ರಿ," ಎನ್ನುತ್ತಾರೆ ಅವರು. "ಯಾರು ಹಿರ್ಯಾ, ಯಾರು ಕಿರ್ಯಾ ಅಂತ ಕೇಳಾಕತ್ತಾವ. ಮ್ಯಾಲ ಹತ್ತತಾವ, ಸುತ್ತ ತಿರುಗತಾವ. ಕೇಳ್ಲಿ ಬಿಡ್ರಿ. ಹಲ್ಲು ಕಟಕಟ ಅಂದ್ರ ಮಾತ್ರ ಮೊರ ತಗೋತೀನಿ." ಕಾದಾಟದ ನಡುವೆ ಕೈ ಹಾಕಬಾರದು, ಎಡಗೈ ತೋರುಬೆರಳಿನ ಕಲೆ ಅದಕ್ಕೆ ಸಾಕ್ಷಿ. ಊರಿಂದ ತಂದ ಮೊರವನ್ನು ಇಬ್ಬರ ಮಧ್ಯೆ ಇಳಿಸಿದರೆ ಕಣ್ಣಿಗೆ ಕಣ್ಣು ತಪ್ಪುತ್ತದೆ, ಕೋಪ ತಣಿಯುತ್ತದೆ.

ಸಜ್ಜೆ, ಜೋಳರ ವೈರಕ್ಕೆ ಕಾರಣ ತಾವೇ ಎಂಬುದನ್ನು ಅವರು ಮುಚ್ಚಿಡುವುದಿಲ್ಲ. ನರಕ ಚತುರ್ದಶಿಯ ಮುಂಜಾನೆ ನೀರು ಕಾಯಿಸಿ, ಸೀಗೆಪುಡಿ ಹಚ್ಚಿ ಜೋಳನ ಮೈ ತೊಳೆದರು. "ನಮ್ಮೂರಾಗ ಆ ಹಬ್ಬಕ್ಕ ಮನ್ಯಾಗಿನ ಎಮ್ಮಿ ಸೈತ ಮೈ ತೊಳೀದ ಇರಂಗಿಲ್ರಿ. ಇವಕ್ಯಾಕ ಹಬ್ಬ ಬ್ಯಾಡ ಅಂದ್ಕೊಂಡೆ." ಸಜ್ಜೆಯ ಸರದಿ ಬರುವಷ್ಟರಲ್ಲಿ ಬಿಸಿನೀರು ಮುಗಿದಿತ್ತು. ಗಂಧವು ಪೃಥ್ವಿಯ ಗುಣವೆಂದು ತರ್ಕ ಕಲಿಯುವವರು ಮೊದಲ ಪಾಠದಲ್ಲೇ ಓದುತ್ತಾರೆ. ಈ ಪ್ರಾಣಿಗಳಿಗೆ ಬಂಧುತ್ವದ ಗುರುತೂ ಗಂಧವೇ. ಸೀಗೆಯ ಪರಿಮಳ ಹೊತ್ತು ಗೂಡಿಗೆ ಮರಳಿದ ಒಡಹುಟ್ಟಿದವನು ಸಜ್ಜೆಗೆ ಪರಕೀಯನಾಗಿ ತೋರಿದ. ಕ್ಷಣಮಾತ್ರದಲ್ಲಿ ಜೋಳನ ಕಿವಿ ಹರಿದು ರಕ್ತ ಸುರಿಯಿತು.

ಅಂದಿನಿಂದ ದಿನವೂ ಸಜ್ಜೆ ಮಲಗಿದ ಬಟ್ಟೆಯನ್ನು ತೊಳೆಯದೆ ಜೋಳನ ಕೆಳಗೆ ಹಾಸುತ್ತಾರೆ, ಜೋಳನದನ್ನು ಸಜ್ಜೆಯ ಕೆಳಗೆ. ಒಬ್ಬರನ್ನೊಬ್ಬರು ಸೇರುವ ಮೊದಲು ಒಬ್ಬರ ವಾಸನೆ ಇನ್ನೊಬ್ಬರಿಗೆ ಮತ್ತೆ ಒಗ್ಗಬೇಕು.

ಹೀಗೆ ಬಟ್ಟೆ ಬದಲಿಸುತ್ತಲೇ ಅವರು ತಂಗಿ ಕಾವೇರಿಯ ಮಾತೆತ್ತುತ್ತಾರೆ. ಅಕ್ಕನ ಬೆನ್ನಿಗೇ ಬೆಂಗಳೂರಿಗೆ ಬಂದವಳು. ಹಲಸೂರಿನ ಅದೇ ಕೋಣೆಯಲ್ಲಿ ಏಳು ವರ್ಷ ಜೊತೆಗಿದ್ದವಳು. ಈಗ ಕೆ.ಆರ್. ಪುರದಲ್ಲಿದ್ದಾಳೆ. ಮಾತು ನಿಂತು ನಾಲ್ಕು ವರ್ಷ.

"ಒಂದ ಒಲಿ, ಒಂದ ನಳ, ಒಂದ ಕನ್ನಡಿ ಇತ್ರಿ. ಮುಂಜಾನಿ ಮೊದ್ಲು ಒಲಿ ಹಚ್ಚೋರು ಯಾರು ಅನ್ನೋದಕ್ಕ ಮಾತು ಬೆಳೀತು. ನಾ ಹಿರ್ಯಾಕಿ. ಸಿಟ್ಟಿಗೆದ್ದು ಅಕಿ ಹಾಸಿಗಿ ಸುತ್ತಿ ಬಾಗಿಲ ಹೊರಗ ಇಟ್ಟೆ." ಸ್ವಲ್ಪ ಹೊತ್ತು ಬಟ್ಟೆಯ ಅಂಚನ್ನೇ ನೇವರಿಸುತ್ತಾರೆ. "ರಕ್ತ ಬಂದಿದ್ದಿಲ್ರಿ ನಮಗ. ಬರೇ ಗುರುಗುಟ್ಟಿದ್ವಿ. ಅಷ್ಟಕ್ಕ ಬ್ಯಾರೆ ಮಾಡಿಬಿಟ್ಟೆ."

ವಾರದ ರಜೆಯ ದಿನ ಅವರು ಬಸ್ಸು ಹತ್ತಿ ಕೆ.ಆರ್. ಪುರದ ಸಂತೆಗೆ ಹೋಗುತ್ತಾರೆ. ಸೊಪ್ಪು ಕೊಳ್ಳುತ್ತಾರೆ, ತಂಗಿಯ ಓಣಿಯ ತಿರುವಿನವರೆಗೆ ನಡೆದು ಹಿಂದಿರುಗುತ್ತಾರೆ. ಹಲಸೂರಿನ ಕೋಣೆಯಲ್ಲಿ ಇಂದು ಎರಡು ಒಲೆಗಳಿವೆ, ಎರಡು ಕನ್ನಡಿಗಳಿವೆ. ಎರಡನೆಯ ಒಲೆಯನ್ನು ಈವರೆಗೆ ಯಾರೂ ಹಚ್ಚಿಲ್ಲ.

ಮಹಡಿಯಲ್ಲಿ ಸಜ್ಜೆ ಗುರುಗುಟ್ಟತೊಡಗಿದ್ದಾನೆ. ಸೊಂಟ ತೂಗುತ್ತ ಜೋಳನನ್ನು ಒಂದು ಸುತ್ತು ಬರುತ್ತಾನೆ, ಬೆನ್ನೇರುತ್ತಾನೆ. ಜೋಳ ತಿರುಗಿ ಮೂತಿ ಎತ್ತುತ್ತಾನೆ. ಇಬ್ಬರ ಮೂಗುಗಳೂ ಮೇಲೆ ಮೇಲೆ ಏರುತ್ತವೆ. ಬಾಗಿಲಲ್ಲಿ ನಿಂತ ಫಹ್ಮಿದಾ, "ಸಾಕು ಹುಸೇನಮ್ಮ, ಎತ್ಕೊಂಡ್ಬಿಡಿ. ಮತ್ತೆ ಕಿವಿ ಹರ್ಕೊಂಡ್ರೆ ಕಷ್ಟ," ಎನ್ನುತ್ತಾರೆ.

ಹುಸೇನಮ್ಮನ ಕೈ ಮೊರದ ಮೇಲಿದೆ, ಮೊರ ಮೇಲೇಳುವುದಿಲ್ಲ. "ತಡೀರಿ ಮೇಡಂ. ಹಲ್ಲಿನ ಸಪ್ಪಳಿಲ್ಲ. ಈಗ ಬಿಡಿಸಿದ್ರ ಮಾತು ಅರ್ಧಕ್ಕ ನಿಲ್ತೈತಿ."

ಮೂಗುಗಳು ಇನ್ನೂ ಮೇಲೆಯೇ ಇವೆ. ಕೆಳಗೆ ಬೀದಿಯಲ್ಲಿ ಹಾಲಿನ ಗಾಡಿಯೊಂದು ಬಂದು ನಿಂತು, ಹೊರಟೂಹೋಗುತ್ತದೆ. ಕೊನೆಗೆ ಜೋಳ ತಲೆ ತಗ್ಗಿಸುತ್ತಾನೆ. ಸಜ್ಜೆ ಅವನ ಹರಿದ ಕಿವಿಯನ್ನು ಮೂಸಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ಗರಿಕೆಗೆ ಬಾಯಿ ಹಾಕುತ್ತಾನೆ. ಜೋಳ ಅದೇ ಎಳೆಯ ಇನ್ನೊಂದು ತುದಿಯನ್ನು ಕಚ್ಚಿಕೊಳ್ಳುತ್ತಾನೆ.

ಮುನಿಆಂಜನಪ್ಪನವರು ಬಂದಾಗ ಎರಡೂ ಪಕ್ಕಪಕ್ಕದಲ್ಲಿ ಮೇಯುತ್ತಿವೆ. ಅವರು ಸೊಂಟಕ್ಕೆ ಕೈಯಿಟ್ಟು, ಎತ್ತು ಕೊಳ್ಳಲು ಬಂದವರಂತೆ ಬಹಳ ಹೊತ್ತು ನೋಡುತ್ತಾರೆ. "ಇವೆರಡರಲ್ಲಿ ಯಜಮಾನ ಯಾರಮ್ಮ?"

"ಸಜ್ಜಿ ತಾನ ಅಂತಾನ್ರಿ. ಜೋಳ ಹೂಂ ಅಂದಾನ."

"ನಮ್ಮನೇಲೂ ಅಷ್ಟೇ ಬಿಡಿ, ನಾನೇ ಹೂಂ ಅನ್ನೋದು," ಎಂದು ನಕ್ಕು, ಹಿರಿಯರು ಎರಡನ್ನೂ ಒಯ್ಯಲು ಒಪ್ಪುತ್ತಾರೆ. ಹುಸೇನಮ್ಮ ಪಂಜರಕ್ಕೆ ಇಬ್ಬರೂ ಮಲಗಿದ ಬಟ್ಟೆಯನ್ನು ಹಾಸಿ ಕೊಡುತ್ತಾರೆ. ಎರಡು ತಟ್ಟೆ ಇಡಬೇಕು, ಹಬ್ಬವೆಂದು ಮೈ ತೊಳೆಯಬಾರದು ಎಂದು ಎರಡೆರಡು ಬಾರಿ ಹೇಳುತ್ತಾರೆ. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಮೆಟ್ಟಿಲ ಮೇಲೆ ನಿಂತಿರುತ್ತಾರೆ.

ಈ ದೀಪಾವಳಿಯ ಮರುದಿನದಿಂದ ಅವರು ಹಳೆಯ ಸೀರೆಗಳನ್ನು ಕೂಡಿಸಿ ಕೌದಿಯೊಂದನ್ನು ಹೊಲಿದಿದ್ದಾರೆ. ಅಕ್ಕ ತಂಗಿ ಇಬ್ಬರೂ ಸರದಿಯಲ್ಲಿ ಉಟ್ಟಿದ್ದ ಹಸಿರು ಸೀರೆಯ ತುಂಡು ಅದರ ನಡುವೆ ಇದೆ. ವಾರವಿಡೀ ತಾವೇ ಅದನ್ನು ಹೊದ್ದು ಮಲಗಿ, ನಿನ್ನೆ, ಹುಲ್ಲು ತರುವ ಹಂಪಣ್ಣನ ಟೆಂಪೊದಲ್ಲಿ ಕೆ.ಆರ್. ಪುರಕ್ಕೆ ಕಳುಹಿಸಿದ್ದಾರೆ. ತಂಗಿ ಬರುತ್ತಾಳೆಯೇ ಎಂದರೆ ಅಡ್ಡಡ್ಡ ತಲೆಯಾಡಿಸುತ್ತಾರೆ.

"ಬರ್ಲಿ ಅಂತ ಕಳ್ಸಿಲ್ರಿ. ಒಂದ್ ರಾತ್ರಿ ಹೊತ್ಕೊಂಡು ಮಲಗಿದ್ರ ಸಾಕು. ಹಂಪಣ್ಣ ಅಂದ, ಒಗದಾರ ಕೊಡಬಾರ್ದೇನಬೇ ಅಂತ. ಒಗಿಯಂಗಿಲ್ಲ, ಹಂಗ ಒಯ್ಯಿ ಅಂದೆ."